ಹಳೆಯ ಎಂಜಿನ್ನಿನ ಬಿಡಿಭಾಗ: ಗುರುತಿಸಿದರೆ ಸರಕು, ಇಲ್ಲವಾದರೆ ಗುಜರಿ

ಮೋಟಾರು ಬಿಡಿಭಾಗಗಳ ವ್ಯಾಪಾರದಲ್ಲಿ ಎರಡು ಮೂರು ತಲೆಮಾರು ಕಂಡ ಅಂಗಡಿಗಳಲ್ಲಿ ಸಾಮಾನ್ಯವಾಗಿ ಒಂದು ಮೂಲೆ ಇರುತ್ತದೆ. ಅಟ್ಟದ ಮೇಲೆ ಅಥವಾ ಗೋದಾಮಿನ ಹಿಂಬದಿಯ ಕಪಾಟಿನಲ್ಲಿ ಮಾಸಿದ ರಟ್ಟಿನ ಪೆಟ್ಟಿಗೆಗಳು ಪೇರಿಸಿರುತ್ತವೆ. ಅವುಗಳಲ್ಲಿ ಡಿಸ್ಟ್ರಿಬ್ಯೂಟರ್, ಕಾಯಿಲ್, ಪಾಯಿಂಟ್ ಸೆಟ್, ಕಂಡೆನ್ಸರ್, ಹೆಸರು ತಿಳಿಯದ ಕವಾಟಗಳು ಇರುತ್ತವೆ. ವರ್ಷಾಂತ್ಯದ ದಾಸ್ತಾನು ಎಣಿಕೆಯಲ್ಲಿ ಇವೆಲ್ಲ 'ಹಳೆಯ ಸಾಮಾನು, ಒಟ್ಟು' ಎಂಬ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತವೆ. ಸ್ಥಳ ಸಾಲದೆ ಬಂದಾಗ ಗುಜರಿಯವನನ್ನು ಕರೆಸಿ ತೂಕಕ್ಕೆ ಹಾಕುವುದೂ ಉಂಟು.

ಇದೇ ಸಾಮಾನನ್ನು ಹುಡುಕಿಕೊಂಡು ಅಲೆಯುವ ಗಿರಾಕಿಗಳೂ ಇದ್ದಾರೆ. ಹಳೆಯ ಕಾರುಗಳನ್ನು ಮೂಲಸ್ಥಿತಿಗೆ ತರುವ ಹವ್ಯಾಸಿಗಳು, ಅದನ್ನೇ ಉದ್ಯೋಗವಾಗಿಸಿಕೊಂಡ ಗ್ಯಾರೇಜುಗಳು, ಸಂಗ್ರಹಾಲಯಗಳು ಸರಿಯಾದ ಒಂದು ಭಾಗಕ್ಕೆ ಉತ್ತಮ ಬೆಲೆ ಕೊಡಲು ಸಿದ್ಧ. ಅವರು ಕೇಳುವುದು ನಿಖರವಾದ ಸಂಖ್ಯೆ, ನಿಖರವಾದ ವರ್ಷ. ಆ ಪ್ರಶ್ನೆಗೆ ಉತ್ತರಿಸಬಲ್ಲ ವರ್ತಕನ ಬಳಿ ಅದು ಸರಕು. ಉತ್ತರಿಸಲಾಗದವನ ಬಳಿ ಅದು ತೂಕದ ಲೋಹ. ತಪ್ಪಾಗಿ ಗುರುತಿಸಿ ಮಾರಿದರೆ ಎಂಜಿನ್ ಕೆಡಬಹುದು, ಗಿರಾಕಿಯ ವಿಶ್ವಾಸವೂ ಹೋಗಬಹುದು. ಗುರುತಿಸುವಿಕೆ ಅತಿ ಕಠಿಣವಾಗಿರುವುದು ಇಗ್ನಿಷನ್ ಭಾಗಗಳಲ್ಲಿ ಮತ್ತು ಹೊಗೆ ನಿಯಂತ್ರಣದ ಭಾಗಗಳಲ್ಲಿ. ಏಕೆಂದರೆ ಇವು ಹೊರನೋಟಕ್ಕೆ ಒಂದರಂತೆ ಒಂದು ಇರುತ್ತವೆ. ವ್ಯತ್ಯಾಸವೆಲ್ಲ ಒಳಗೆ ಅಡಗಿರುತ್ತದೆ.

ಪಾಯಿಂಟ್ ಯುಗ

ಬ್ಯಾಟರಿ, ಕಾಯಿಲ್ ಮತ್ತು ಪಾಯಿಂಟ್‌ಗಳನ್ನು ಕೂಡಿಸಿ ಕಿಡಿ ಹೊತ್ತಿಸುವ ಪದ್ಧತಿಯನ್ನು ಅಮೆರಿಕದ ಚಾರ್ಲ್ಸ್ ಕೆಟರಿಂಗ್ ರೂಪಿಸಿದರು. 1910ರ ದಶಕದ ಆರಂಭದಲ್ಲಿ ಕ್ಯಾಡಿಲ್ಯಾಕ್ ಕಾರುಗಳ ಮೂಲಕ ಬಳಕೆಗೆ ಬಂದ ಈ ಪದ್ಧತಿ ಸುಮಾರು ಆರು ದಶಕಗಳ ಕಾಲ ಜಗತ್ತಿನ ಪೆಟ್ರೋಲ್ ಕಾರುಗಳನ್ನು ಆಳಿತು. ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳೂ ಇದೇ ಸಂತತಿಗೆ ಸೇರಿದವು.

ಇದರ ಕಾರ್ಯವಿಧಾನ ಸರಳ. ಪಾಯಿಂಟ್ ಮುಚ್ಚಿದ್ದಾಗ ಕಾಯಿಲ್‌ನ ಪ್ರಾಥಮಿಕ ಸುತ್ತಿನಲ್ಲಿ ವಿದ್ಯುತ್ ಹರಿದು ಕಾಂತಕ್ಷೇತ್ರ ಏರ್ಪಡುತ್ತದೆ. ಪಾಯಿಂಟ್ ತೆರೆದ ಕ್ಷಣ ಆ ಕ್ಷೇತ್ರ ಕುಸಿದು, ದ್ವಿತೀಯ ಸುತ್ತಿನಲ್ಲಿ ಸಾವಿರಾರು ವೋಲ್ಟ್ ಒತ್ತಡ ಹುಟ್ಟುತ್ತದೆ. ಅದನ್ನು ರೋಟರ್ ಮತ್ತು ಕ್ಯಾಪ್ ಸರದಿಯಂತೆ ಪ್ಲಗ್‌ಗಳಿಗೆ ಹಂಚುತ್ತವೆ. ನಾಲ್ಕು ಸಿಲಿಂಡರಿನ ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುವಾಗ ಪಾಯಿಂಟ್ ಸೆಕೆಂಡಿಗೆ 100 ಬಾರಿ ತೆರೆದು ಮುಚ್ಚುತ್ತದೆ. ಈ ದುಡಿಮೆಯಿಂದಲೇ ಅದು ಸವೆಯುವ ಭಾಗವಾಯಿತು. ಬಿಡಿಭಾಗ ವರ್ತಕರಿಗೆ ದಶಕಗಳ ಕಾಲ ನಿತ್ಯದ ವ್ಯಾಪಾರವೂ ಆಯಿತು.

ಈ ವ್ಯಾಪಾರದಲ್ಲಿ ಕರ್ನಾಟಕಕ್ಕೂ ಪಾಲಿತ್ತು. 1951ರಲ್ಲಿ ಸ್ಥಾಪನೆಯಾದ ಮೈಕೊ ಬೆಂಗಳೂರಿನಲ್ಲಿ ತಯಾರಿಸಿದ ಸ್ಪಾರ್ಕ್ ಪ್ಲಗ್‌ಗಳು ದೇಶದ ಮೂಲೆಮೂಲೆಗೂ ತಲುಪಿದವು. 2008ರಲ್ಲಿ ಆ ಕಂಪೆನಿಯ ಹೆಸರು ಬಾಷ್ ಲಿಮಿಟೆಡ್ ಎಂದು ಬದಲಾಯಿತು. ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗಗಳ ಪೇಟೆ ಬೆಳೆದದ್ದೂ ಇದೇ ಕಾಲದ ವಾಹನಗಳ ಬೇಡಿಕೆಯಿಂದ.

ಕಾಯಿಲ್: ನೋಟಕ್ಕೆ ಒಂದೇ, ಗುಣದಲ್ಲಿ ಬೇರೆ

ಇಗ್ನಿಷನ್ ಭಾಗಗಳಲ್ಲಿ ಅತಿ ಹೆಚ್ಚು ತಪ್ಪು ನಡೆಯುವುದು ಕಾಯಿಲ್ ಮಾರಾಟದಲ್ಲಿ. 12 ವೋಲ್ಟ್ ಕಾಯಿಲ್‌ಗಳಲ್ಲಿ ಎರಡು ಬಗೆ. ಪೂರ್ಣ 12 ವೋಲ್ಟ್ ಮೇಲೆ ನೇರವಾಗಿ ಕೆಲಸ ಮಾಡುವ ಕಾಯಿಲ್‌ನ ಪ್ರಾಥಮಿಕ ಸುತ್ತಿನ ರೋಧ ಸುಮಾರು 3 ಓಮ್. ಬ್ಯಾಲಸ್ಟ್ ರೋಧಕದೊಡನೆ ಮಾತ್ರ ಬಳಸಬೇಕಾದ ಕಾಯಿಲ್‌ನ ರೋಧ ಸುಮಾರು 1.5 ಓಮ್. ಎರಡಕ್ಕೂ ಅದೇ ಡಬ್ಬಿಯ ಆಕಾರ, ಅದೇ ಬಣ್ಣ, ಅದೇ ತಿರುಪು. ಎರಡನೆಯದನ್ನು ಬ್ಯಾಲಸ್ಟ್ ಇಲ್ಲದ ಕಾರಿಗೆ ಜೋಡಿಸಿದರೆ ವಿದ್ಯುತ್ ಪ್ರವಾಹ ಮಿತಿಮೀರಿ ಪಾಯಿಂಟ್ ಸುಟ್ಟುಹೋಗುತ್ತದೆ, ಕಾಯಿಲ್ ಕಾಯುತ್ತದೆ. ಮೊದಲನೆಯದನ್ನು ಬ್ಯಾಲಸ್ಟ್ ಇರುವ ಕಾರಿಗೆ ಹಾಕಿದರೆ ಕಿಡಿ ದುರ್ಬಲವಾಗುತ್ತದೆ. ಚೀಟಿ ಹರಿದುಹೋದ ಕಾಯಿಲ್‌ಗಳನ್ನು ಸಾಮಾನ್ಯ ಮಲ್ಟಿಮೀಟರಿನಿಂದ ಅಳೆದು ಎರಡು ರಾಶಿ ಮಾಡುವ ಕೆಲಸಕ್ಕೆ ಪ್ರತಿಯೊಂದಕ್ಕೂ ಅರ್ಧ ನಿಮಿಷ ಸಾಕು.

ಕಾಯಿಲ್‌ನ ತಲೆಯ ಮೇಲಿನ ಗುರುತುಗಳೂ ಮಾತನಾಡುತ್ತವೆ. ಹಳೆಯ ಲೂಕಾಸ್ ಕಾಯಿಲ್‌ಗಳಲ್ಲಿ 'ಎಸ್‌ಡಬ್ಲ್ಯೂ' ಮತ್ತು 'ಸಿಬಿ' ಎಂಬ ಅಕ್ಷರಗಳಿದ್ದರೆ, ಮೊದಲನೆಯದು ಸ್ವಿಚ್ಚಿನ ಕಡೆ, ಎರಡನೆಯದು ಪಾಯಿಂಟಿನ ಕಡೆ ಎಂದರ್ಥ. ಅದು ಬ್ರಿಟಿಷ್ ಕಾರುಗಳಲ್ಲಿ ಧನಾಗ್ರವನ್ನು ಚಾಸಿಗೆ ಜೋಡಿಸುತ್ತಿದ್ದ ಕಾಲದ ಪದ್ಧತಿ. ನಂತರದವುಗಳಲ್ಲಿ ಅಧಿಕ ಮತ್ತು ಋಣ ಚಿಹ್ನೆಗಳು ಬಂದವು. ಜರ್ಮನ್ ಮೂಲದ ಕಾಯಿಲ್‌ಗಳಲ್ಲಿ 15, 1 ಮತ್ತು 4 ಎಂಬ ಅಂಕಿಗಳಿರುತ್ತವೆ: 15 ಸ್ವಿಚ್ಚಿನಿಂದ ಬರುವ ತಂತಿ, 1 ಪಾಯಿಂಟಿಗೆ ಹೋಗುವ ತಂತಿ, 4 ಹೆಚ್ಚು ಒತ್ತಡದ ತಂತಿ.

ಕಂಡೆನ್ಸರ್ ಪಾಯಿಂಟಿನ ಜೊತೆಗಾರ. ಅದರ ಧಾರಣಶಕ್ತಿ ಸಾಮಾನ್ಯವಾಗಿ 0.2 ಮೈಕ್ರೊಫ್ಯಾರಡ್‌ನ ಆಸುಪಾಸು. ಇದನ್ನು ಅಳೆಯುವ ಮೀಟರುಗಳು ಇಂದು ಅಗ್ಗವಾಗಿ ದೊರೆಯುತ್ತವೆ. ದಶಕಗಳ ಕಾಲ ಪೆಟ್ಟಿಗೆಯಲ್ಲಿದ್ದ ಕಂಡೆನ್ಸರನ್ನು ಅಳೆಯದೆ ಮಾರುವುದು ಸಲ್ಲದು. ಲೋಹದ ಭಾಗದಂತೆ ಇದರ ಒಳಗಿನ ನಿರೋಧಕ ಪದರ ಕಾಲಕ್ಕೆ ತಡೆದುಕೊಳ್ಳುವುದಿಲ್ಲ.

ಸಂಖ್ಯೆಗಳನ್ನು ಓದುವ ಬಗೆ

ಡಿಸ್ಟ್ರಿಬ್ಯೂಟರನ್ನು ಆಕಾರದಿಂದ ಗುರುತಿಸಲು ಹೊರಡುವುದು ವ್ಯರ್ಥ. ಒಂದೇ ಎರಕದ ಮೈಯಲ್ಲಿ ಹತ್ತಾರು ಬಗೆಯ ತೂಕದ ಬಿಲ್ಲೆಗಳೂ ಸ್ಪ್ರಿಂಗುಗಳೂ ಇರುತ್ತವೆ. ಎಂಜಿನ್ನಿನ ವೇಗ ಏರಿದಂತೆ ಕಿಡಿ ಎಷ್ಟು ಮುಂಚಿತವಾಗಿ ಬರಬೇಕೆಂಬುದನ್ನು ಅವು ನಿರ್ಧರಿಸುತ್ತವೆ. ಸರಿಯಾದ ಸಾಕ್ಷ್ಯವೆಂದರೆ ಮೈಮೇಲೆ ಒತ್ತಿದ ಸಂಖ್ಯೆ.

ಲೂಕಾಸ್ ಡಿಸ್ಟ್ರಿಬ್ಯೂಟರುಗಳ ಮೈಮೇಲೆ 25ಡಿ4, 45ಡಿ4 ಮುಂತಾದ ಮಾದರಿಯ ಹೆಸರು, ಐದು ಅಂಕಿಗಳ ಭಾಗಸಂಖ್ಯೆ ಮತ್ತು ತಯಾರಿಕೆಯ ವಾರ ಹಾಗೂ ವರ್ಷ ಒತ್ತಿರುತ್ತವೆ. '12 70' ಎಂದಿದ್ದರೆ 1970ರ 12ನೆಯ ವಾರ. 25ಡಿ4 ಮಾದರಿಯಲ್ಲಿ ಟೈಮಿಂಗನ್ನು ಸೂಕ್ಷ್ಮವಾಗಿ ಸರಿಪಡಿಸುವ ಗೀರುಗಳುಳ್ಳ ತಿರುಪು ಇರುತ್ತದೆ, 45ಡಿ4ರಲ್ಲಿ ಇರುವುದಿಲ್ಲ. ಪಕ್ಕದ ನಿರ್ವಾತ ಡಬ್ಬಿಯ ಮೇಲೆ ಮೂರು ಅಂಕಿಗಳು ಕಂಡರೆ, ಮೊದಲನೆಯದು ಅದು ಕೆಲಸ ಆರಂಭಿಸುವ ನಿರ್ವಾತ, ಎರಡನೆಯದು ಪೂರ್ಣಗೊಳಿಸುವ ನಿರ್ವಾತ, ಮೂರನೆಯದು ಡಿಸ್ಟ್ರಿಬ್ಯೂಟರಿನ ಅಂಶಗಳಲ್ಲಿ ಗರಿಷ್ಠ ಮುನ್ನಡೆ. ಕ್ರ್ಯಾಂಕಿನ ಲೆಕ್ಕಕ್ಕೆ ಆ ಕೊನೆಯ ಅಂಕಿಯನ್ನು ಎರಡರಿಂದ ಗುಣಿಸಬೇಕು.

ಬಾಷ್ ಭಾಗಗಳಿಗೆ ಹತ್ತು ಅಂಕಿಗಳ ಸಂಖ್ಯೆ. ಮೊದಲ ನಾಲ್ಕು ಅಂಕಿಗಳೇ ಭಾಗದ ಜಾತಿಯನ್ನು ಹೇಳುತ್ತವೆ. 0 231 ಎಂದರೆ ಡಿಸ್ಟ್ರಿಬ್ಯೂಟರ್, 0 221 ಎಂದರೆ ಕಾಯಿಲ್, 0 258 ಎಂದರೆ ಆಮ್ಲಜನಕ ಸಂವೇದಕ, 0 280 ಎಂದರೆ ಇಂಧನ ಇಂಜೆಕ್ಷನ್ ವ್ಯವಸ್ಥೆಯ ಭಾಗ. 1 237 ಎಂದು ಆರಂಭವಾಗುವ ಪುಟ್ಟ ಪೆಟ್ಟಿಗೆಯಲ್ಲಿ ಪಾಯಿಂಟ್ ಅಥವಾ ಕಂಡೆನ್ಸರ್ ಇರುವ ಸಂಭವ ಹೆಚ್ಚು.

ಅಮೆರಿಕದ ಫೋರ್ಡ್ ಸಂಖ್ಯೆಯ ಮೊದಲ ಅಕ್ಷರ ದಶಕವನ್ನು ಸೂಚಿಸುತ್ತದೆ: ಬಿ ಎಂದರೆ 1950ರ ದಶಕ, ಸಿ 1960ರದು, ಡಿ 1970ರದು, ಇ 1980ರದು. ಮುಂದಿನ ಅಂಕಿ ವರ್ಷ. ಹೀಗಾಗಿ 'ಸಿ9' ಎಂದು ಆರಂಭವಾದರೆ ಆ ವಿನ್ಯಾಸ 1969ರದು. ನಡುವಿನ ಸಂಖ್ಯೆ 12127 ಆಗಿದ್ದರೆ ಅದು ಡಿಸ್ಟ್ರಿಬ್ಯೂಟರ್; 12029 ಆಗಿದ್ದರೆ ಕಾಯಿಲ್; 9ಡಿ475 ಆಗಿದ್ದರೆ ಹೊಗೆಯನ್ನು ಮರಳಿ ಎಂಜಿನ್ನಿಗೆ ಕಳುಹಿಸುವ ಕವಾಟ. ಇದು ವಿನ್ಯಾಸದ ವರ್ಷವೇ ಹೊರತು ತಯಾರಿಕೆಯ ವರ್ಷವಾಗಿರಬೇಕೆಂದಿಲ್ಲ. ಅದೇ ವಿನ್ಯಾಸ ಮುಂದೆ ಹಲವು ವರ್ಷ ನಡೆದಿರಬಹುದು.

ಜನರಲ್ ಮೋಟಾರ್ಸ್ ಕಾರುಗಳ ಡೆಲ್ಕೊ-ರೆಮಿ ಡಿಸ್ಟ್ರಿಬ್ಯೂಟರುಗಳಲ್ಲಿ ಏಳು ಅಂಕಿಗಳ ಸಂಖ್ಯೆಯ ಜೊತೆಗೆ ದಿನಾಂಕ ಸಂಕೇತವಿರುತ್ತದೆ: ವರ್ಷಕ್ಕೆ ಒಂದು ಅಂಕಿ, ತಿಂಗಳಿಗೆ ಒಂದು ಅಕ್ಷರ, ನಂತರ ದಿನ. '9 ಸಿ 14' ಎಂದರೆ ಒಂಬತ್ತರಲ್ಲಿ ಕೊನೆಗೊಳ್ಳುವ ವರ್ಷದ ಮಾರ್ಚ್ 14. ಅದು 1959ರದೋ 1969ರದೋ ಎಂಬುದನ್ನು ಸಂಕೇತ ಹೇಳುವುದಿಲ್ಲ. ಭಾಗಸಂಖ್ಯೆಯನ್ನು ತಯಾರಕರ ಪಟ್ಟಿಯೊಡನೆ ತಾಳೆ ನೋಡಿಯೇ ತಿಳಿಯಬೇಕು. ದಶಕ ತಪ್ಪಿದರೆ ಬೆಲೆಯೂ ತಪ್ಪುತ್ತದೆ.

ಪಾಯಿಂಟ್‌ನಿಂದ ಎಲೆಕ್ಟ್ರಾನಿಕ್‌ಗೆ

1970ರ ದಶಕದಲ್ಲಿ ಪಾಯಿಂಟ್‌ಗಳ ಜಾಗಕ್ಕೆ ಎಲೆಕ್ಟ್ರಾನಿಕ್ ಇಗ್ನಿಷನ್ ಬಂದಿತು. ಕ್ರೈಸ್ಲರ್ ಕಂಪೆನಿ 1973ರ ಮಾದರಿಗಳಲ್ಲಿ ಇದನ್ನು ಸರ್ವಸಾಮಾನ್ಯಗೊಳಿಸಿತು. ಜನರಲ್ ಮೋಟಾರ್ಸ್ 1975ರ ಮಾದರಿಗಳಲ್ಲಿ 'ಎಚ್‌ಇಐ' ಎಂಬ ಹೆಚ್ಚು ಶಕ್ತಿಯ ವ್ಯವಸ್ಥೆಯನ್ನು ಅಳವಡಿಸಿತು. ಎಂಟು ಸಿಲಿಂಡರಿನ ಎಂಜಿನ್‌ಗಳ ಎಚ್‌ಇಐ ಡಿಸ್ಟ್ರಿಬ್ಯೂಟರನ್ನು ದೂರದಿಂದಲೇ ಗುರುತಿಸಬಹುದು: ಕ್ಯಾಪ್ ದೊಡ್ಡದು, ಬಹುತೇಕ ಕಾಯಿಲ್ ಆ ಕ್ಯಾಪಿನ ತಲೆಯ ಮೇಲೆಯೇ ಕುಳಿತಿರುತ್ತದೆ. ಇದಕ್ಕೆ ಪೂರ್ಣ 12 ವೋಲ್ಟ್ ಬೇಕು. ಹಳೆಯ ಪಾಯಿಂಟ್ ಕಾರಿನ ರೋಧಕ ತಂತಿಯನ್ನು ತೆಗೆಯದೆ ಇದನ್ನು ಜೋಡಿಸಿದವರು ಭಾಗವೇ ಕೆಟ್ಟದ್ದೆಂದು ಅಂಗಡಿಗೆ ಮರಳಿಸುವುದುಂಟು.

ಕ್ರೈಸ್ಲರ್ ವ್ಯವಸ್ಥೆಯ ಗುರುತು ಬಿಳಿ ಪಿಂಗಾಣಿಯ ಬ್ಯಾಲಸ್ಟ್ ರೋಧಕ. ಮೊದಲ ವರ್ಷಗಳ ನಿಯಂತ್ರಣ ಪೆಟ್ಟಿಗೆಗೆ ಐದು ಕಡ್ಡಿಗಳು, ಅದರ ಜೊತೆಯ ರೋಧಕಕ್ಕೆ ನಾಲ್ಕು ತುದಿಗಳು. ನಂತರದ ಪೆಟ್ಟಿಗೆಗೆ ನಾಲ್ಕು ಕಡ್ಡಿಗಳು, ರೋಧಕಕ್ಕೆ ಎರಡು ತುದಿಗಳು. ಇವನ್ನು ಜೋಡಿಯಾಗಿ ನೋಡಿಯೇ ಮಾರಬೇಕು. ಫೋರ್ಡ್ ಪೆಟ್ಟಿಗೆಗಳಲ್ಲಿ ತಂತಿಗಳು ಹೊರಬರುವೆಡೆಯ ರಬ್ಬರಿನ ಬಣ್ಣವೇ ಗುರುತು. ಡ್ಯುರಾಸ್ಪಾರ್ಕ್-2 ವ್ಯವಸ್ಥೆಯಲ್ಲಿ ಸಾಮಾನ್ಯವಾಗಿ ಕಾಣುವುದು ನೀಲಿ.

ಪ್ಲಗ್ ಸಂಕೇತದ ಬಲೆ

ಪ್ಲಗ್ ಮಾರುವವರು ಒಂದು ಸಂಗತಿಯನ್ನು ಮರೆಯಬಾರದು. ಉಷ್ಣಶ್ರೇಣಿಯನ್ನು ಸೂಚಿಸುವ ಅಂಕಿ ಎಲ್ಲ ತಯಾರಕರಲ್ಲೂ ಒಂದೇ ದಿಕ್ಕಿನಲ್ಲಿ ಏರುವುದಿಲ್ಲ. ಎನ್‌ಜಿಕೆ ಪ್ಲಗ್‌ಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ತಂಪು. ಬಾಷ್ ಮತ್ತು ಚಾಂಪಿಯನ್‌ಗಳಲ್ಲಿ ಅಂಕಿ ಹೆಚ್ಚಿದಷ್ಟೂ ಪ್ಲಗ್ ಬಿಸಿ. ಒಂದರ ಅಂಕಿ ನೋಡಿ ಇನ್ನೊಂದನ್ನು ಕೊಟ್ಟರೆ ಫಲಿತಾಂಶ ತಲೆಕೆಳಗಾಗುತ್ತದೆ. ತೀರ ಬಿಸಿಯ ಪ್ಲಗ್ ಕಿಡಿಗೂ ಮುನ್ನ ಮಿಶ್ರಣವನ್ನು ಹೊತ್ತಿಸಿ ಪಿಸ್ಟನ್ ಸುಡಬಹುದು. ತೀರ ತಂಪಿನದು ಮಸಿ ಹಿಡಿದು ಕಿಡಿ ತಪ್ಪಿಸುತ್ತದೆ.

ಎರಡನೆಯ ಅಂಶ ತಿರುಪಿನ ಉದ್ದ. ಎನ್‌ಜಿಕೆ ಸಂಕೇತದಲ್ಲಿ 'ಎಚ್' ಎಂದರೆ 12.7 ಮಿಲಿಮೀಟರ್, 'ಇ' ಎಂದರೆ 19 ಮಿಲಿಮೀಟರ್. ಚಾಂಪಿಯನ್‌ನಲ್ಲಿ 'ಎಲ್' ಅರ್ಧ ಅಂಗುಲದ್ದು, 'ಎನ್' ಮುಕ್ಕಾಲು ಅಂಗುಲದ್ದು. ಎರಡರ ವ್ಯಾಸವೂ 14 ಮಿಲಿಮೀಟರ್ ಆಗಿರುವುದರಿಂದ ಉದ್ದನೆಯ ಪ್ಲಗ್ ಗಿಡ್ಡ ರಂಧ್ರದೊಳಗೂ ಸಲೀಸಾಗಿ ತಿರುಗುತ್ತದೆ. ಒಳಗೆ ಪಿಸ್ಟನ್ನಿಗೆ ತಾಗಿದಾಗಲೇ ತಪ್ಪು ತಿಳಿಯುವುದು. ಆ ದುರಸ್ತಿಯ ವೆಚ್ಚ ಪ್ಲಗ್ ಮಾರಾಟದ ಲಾಭಕ್ಕೆ ಎಷ್ಟೋ ಪಟ್ಟು ಮಿಗಿಲು.

ಹೊಗೆ ನಿಯಂತ್ರಣದ ಭಾಗಗಳು

ಎಂಜಿನ್ನಿನ ಹೊಗೆ ನಿಯಂತ್ರಣದ ಚರಿತ್ರೆ ಕ್ಯಾಲಿಫೋರ್ನಿಯಾದಿಂದ ಆರಂಭವಾಗುತ್ತದೆ. ಲಾಸ್ ಏಂಜಲೀಸ್ ನಗರವನ್ನು ಮುಸುಕುತ್ತಿದ್ದ ಮಬ್ಬು ವಾಹನ ಮುಂತಾದವುಗಳಿಂದ ಹೊರಬರುವ ಹೈಡ್ರೊಕಾರ್ಬನ್ ಮತ್ತು ಸಾರಜನಕದ ಆಕ್ಸೈಡುಗಳ ಮೇಲೆ ಸೂರ್ಯನ ಬೆಳಕು ಬಿದ್ದು ಉಂಟಾಗುತ್ತದೆಂದು ವಿಜ್ಞಾನಿ ಹಾಗೆನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ಅಲ್ಲಿಂದ ಮುಂದಕ್ಕೆ ಒಂದೊಂದು ಕಾನೂನಿನ ಹಿಂದೆ ಒಂದೊಂದು ಭಾಗ ಎಂಜಿನ್ನಿಗೆ ಸೇರುತ್ತ ಹೋಯಿತು. ಯಾವ ಭಾಗ ಯಾವ ವರ್ಷ ಬಂದಿತೆಂಬುದನ್ನು ಬಲ್ಲವರು ಪೆಟ್ಟಿಗೆಯಲ್ಲಿನ ವಸ್ತುವಿನ ಕಾಲವನ್ನು ಬಹುಮಟ್ಟಿಗೆ ಊಹಿಸಬಲ್ಲರು.

ಮೊದಲು ಬಂದದ್ದು ಪಿಸಿವಿ ಕವಾಟ. ಕ್ರ್ಯಾಂಕ್‌ಕೇಸಿನ ಆವಿಯನ್ನು ಹಿಂದೆ ಒಂದು ಕೊಳವೆಯ ಮೂಲಕ ರಸ್ತೆಗೇ ಬಿಡುತ್ತಿದ್ದರು. ಈ ಕವಾಟ ಅದನ್ನು ಮರಳಿ ಎಂಜಿನ್ನಿಗೆ ಎಳೆಯುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 1961ರ ಮಾದರಿಗಳಿಂದ, ಅಮೆರಿಕದಾದ್ಯಂತ 1963ರಿಂದ ಇದು ಬಂದಿತು. ಹೆಬ್ಬೆರಳಿನಷ್ಟು ದಪ್ಪದ ಈ ಕವಾಟವನ್ನು ಅಲ್ಲಾಡಿಸಿದಾಗ ಒಳಗಿನ ಸೂಜಿ ಸದ್ದು ಮಾಡಿದರೆ ಅದು ಅಂಟಿಕೊಂಡಿಲ್ಲವೆಂದಷ್ಟೇ ತಿಳಿಯುತ್ತದೆ. ಪ್ರತಿ ಎಂಜಿನ್ನಿಗೂ ಗಾಳಿಯ ಹರಿವಿನ ಪ್ರಮಾಣ ಬೇರೆ ಇರುವುದರಿಂದ ಸಂಖ್ಯೆಯ ತಾಳೆ ಇಲ್ಲದೆ ಮಾರಬಾರದು.

ಎರಡನೆಯದು ಗಾಳಿ ಪಂಪು. ಹೊರಹೋಗುವ ಬಿಸಿ ಹೊಗೆಗೆ ತಾಜಾ ಗಾಳಿ ತುಂಬಿ, ಸುಡದೆ ಉಳಿದ ಇಂಧನವನ್ನು ಸುಡಿಸುವುದು ಇದರ ಕೆಲಸ. 1966ರಲ್ಲಿ ಕ್ಯಾಲಿಫೋರ್ನಿಯಾದ ಮತ್ತು 1968ರಲ್ಲಿ ಇಡೀ ದೇಶದ ಹೊಗೆ ಮಿತಿಗಳು ಜಾರಿಗೆ ಬಂದ ಮೇಲೆ ಇದು ಕಾಣಿಸಿಕೊಂಡಿತು. ಜನರಲ್ ಮೋಟಾರ್ಸ್ ಇದನ್ನು ಎ.ಐ.ಆರ್. ಎಂದು, ಫೋರ್ಡ್ ಥರ್ಮ್ಯಾಕ್ಟರ್ ಎಂದು ಕರೆಯಿತು. ಬೆಲ್ಟಿನಿಂದ ತಿರುಗುವ, ಕಪ್ಪಿಯ ಹಿಂದೆ ಬೀಸಣಿಗೆಯಂಥ ಶೋಧಕವಿರುವ ಪುಟ್ಟ ದುಂಡು ಪಂಪು ಕಂಡರೆ ಇದೇ ಎಂದು ತಿಳಿಯಬಹುದು. ಇದರ ಜೊತೆಗೆ ಹೊಗೆ ಹಿಂದಕ್ಕೆ ಬಾರದಂತೆ ತಡೆಯುವ ಕವಾಟ ಮತ್ತು ವೇಗ ತಗ್ಗಿಸಿದಾಗ ಗಾಳಿಯನ್ನು ಬೇರೆಡೆಗೆ ತಿರುಗಿಸುವ ಕವಾಟ ಇರಲೇಬೇಕು.

ಅದೇ ಕಾಲದಲ್ಲಿ ಡಿಸ್ಟ್ರಿಬ್ಯೂಟರಿನ ನಿರ್ವಾತ ಡಬ್ಬಿಯೂ ಬದಲಾಯಿತು. ಒಂದು ಕೊಳವೆಯ ಬದಲು ಎರಡು ಕೊಳವೆಗಳಿದ್ದರೆ, ಒಂದು ಕಿಡಿಯನ್ನು ಮುಂಚಿತಗೊಳಿಸಲು, ಇನ್ನೊಂದು ಎಂಜಿನ್ ನಿಧಾನಗತಿಯಲ್ಲಿ ತಿರುಗುವಾಗ ಅದನ್ನು ತಡಮಾಡಲು. ಹೀಗೆ ಇಗ್ನಿಷನ್ ಭಾಗವೇ ಹೊಗೆ ನಿಯಂತ್ರಣದ ಭಾಗವೂ ಆಯಿತು.

ಪೆಟ್ರೋಲ್ ಟ್ಯಾಂಕಿನ ಆವಿಯನ್ನು ಹಿಡಿದಿಡುವ ಇದ್ದಿಲಿನ ಡಬ್ಬಿ 1970ರಲ್ಲಿ ಕ್ಯಾಲಿಫೋರ್ನಿಯಾಕ್ಕೂ 1971ರಲ್ಲಿ ಅಮೆರಿಕದ ಉಳಿದೆಡೆಗೂ ಬಂದಿತು. ಇದು ಕೊಳವೆ ಮೂತಿಗಳುಳ್ಳ ಕಪ್ಪು ಉರುಳೆ. ಹಲವು ಮಾದರಿಗಳಲ್ಲಿ ತಳದಲ್ಲಿ ಬದಲಿಸಬಹುದಾದ ಶೋಧಕ ಇರುತ್ತದೆ. ಹೊಗೆಯ ಒಂದಂಶವನ್ನು ಮತ್ತೆ ಎಂಜಿನ್ನಿಗೆ ಸೇರಿಸಿ ಉರಿಯ ಉಷ್ಣತೆ ತಗ್ಗಿಸುವ ಇಜಿಆರ್ ಕವಾಟ 1973ರ ಹೊತ್ತಿಗೆ ವ್ಯಾಪಕವಾಯಿತು. ಅಣಬೆಯ ತಲೆಯಂಥ ಡಬ್ಬಿಯೇ ಇದರ ಗುರುತು. ಕೈಪಂಪಿನಿಂದ ನಿರ್ವಾತ ಕೊಟ್ಟಾಗ ಒಳಗಿನ ಕಡ್ಡಿ ಮೇಲೆದ್ದು ಹಾಗೆಯೇ ನಿಂತರೆ ಪದರ ಹರಿದಿಲ್ಲವೆಂದು ಅರ್ಥ.

1970ರ ಡಿಸೆಂಬರ್ 31ರಂದು ಅಂಗೀಕಾರದ ಸಹಿ ಪಡೆದ ಅಮೆರಿಕದ ಶುದ್ಧ ವಾಯು ಕಾಯಿದೆಯ ಫಲವಾಗಿ 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. ಸೀಸ ಬೆರೆತ ಪೆಟ್ರೋಲ್ ಇದಕ್ಕೆ ವಿಷವಾದ್ದರಿಂದ ಸೀಸರಹಿತ ಪೆಟ್ರೋಲ್ ಅನಿವಾರ್ಯವಾಯಿತು. ಇದರೊಳಗೆ ಪ್ಲಾಟಿನಂ, ಪಲ್ಲಾಡಿಯಂ, ಕೆಲವು ಮಾದರಿಗಳಲ್ಲಿ ರೋಡಿಯಂ ಲೇಪವಿರುತ್ತದೆ. ಕಬ್ಬಿಣದ ಡಬ್ಬಿಯೆಂದು ಇದನ್ನು ಕಬ್ಬಿಣದ ದರಕ್ಕೆ ತೂಗುವವರು ದೊಡ್ಡ ನಷ್ಟಕ್ಕೆ ಒಳಗಾಗುತ್ತಾರೆ.

ಕಿತ್ತೆಸೆದದ್ದಕ್ಕೆ ಈಗ ಬೇಡಿಕೆ

1970 ಮತ್ತು 80ರ ದಶಕಗಳಲ್ಲಿ ಅಮೆರಿಕದ ಎಷ್ಟೋ ಗ್ಯಾರೇಜುಗಳಲ್ಲಿ ಈ ಪಂಪು, ಕವಾಟಗಳನ್ನು ಎಂಜಿನ್ನಿನ ಶಕ್ತಿ ಕುಂದಿಸುವ ಹೊರೆಯೆಂದು ಕಿತ್ತು ಎಸೆದರು. ಈಗ ಲೆಕ್ಕ ತಿರುಗಿದೆ. ಕ್ಯಾಲಿಫೋರ್ನಿಯಾದಲ್ಲಿ 1975 ಮತ್ತು ಅದಕ್ಕೂ ಹಿಂದಿನ ಮಾದರಿಗಳಿಗೆ ನಿಯತಕಾಲಿಕ ಹೊಗೆ ತಪಾಸಣೆಯಿಂದ ವಿನಾಯಿತಿ ಇದೆ. 1976 ಮತ್ತು ನಂತರದ ಪೆಟ್ರೋಲ್ ಕಾರುಗಳಿಗೆ ಇಲ್ಲ. ತಪಾಸಣೆಯಲ್ಲಿ ಹೊಗೆಯನ್ನು ಅಳೆಯುವುದರ ಜೊತೆಗೆ, ಮೂಲಭಾಗಗಳೆಲ್ಲ ಸ್ವಸ್ಥಾನದಲ್ಲಿವೆಯೇ ಎಂದು ಕಣ್ಣಿನಿಂದಲೂ ನೋಡಲಾಗುತ್ತದೆ. ಒಂದು ಕವಾಟ ಇಲ್ಲದಿದ್ದರೂ ಕಾರು ತಪಾಸಣೆಯಲ್ಲಿ ಸೋಲುತ್ತದೆ. ಹೊಸದಾಗಿ ತಯಾರಿಸಿದ ಬದಲಿ ಭಾಗಕ್ಕೆ ಅಲ್ಲಿನ ವಾಯು ಮಂಡಳಿಯ ನಿಯಮಗಳೂ ಅನ್ವಯಿಸುತ್ತವೆ. ಆದಕಾರಣ ಸರಿಯಾದ ಸಂಖ್ಯೆಯ ಹಳೆಯ ಭಾಗಕ್ಕೆ ಬೆಲೆ ಬಂದಿದೆ.

ಭಾರತದ ಸನ್ನಿವೇಶ ಬೇರೆ. ಇಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್‌ನಲ್ಲಿ, ಅದೂ ಮೊದಲಿಗೆ ನಾಲ್ಕು ಮಹಾನಗರಗಳಲ್ಲಿ. ಹೀಗಾಗಿ ಇಲ್ಲಿನ ಹಳೆಯ ಕಾರುಗಳ ಬೇಡಿಕೆ ಬಹುಪಾಲು ಇಗ್ನಿಷನ್ ಭಾಗಗಳಿಗೆ. ಭಾರತ್ ಹಂತ-2ಕ್ಕೂ ಹಿಂದಿನ ನಾಲ್ಕು ಚಕ್ರದ ಪೆಟ್ರೋಲ್ ವಾಹನಗಳ ಹೊಗೆ ತಪಾಸಣೆಯಲ್ಲಿ ಇಂಗಾಲದ ಮಾನಾಕ್ಸೈಡ್ ಶೇ. 3, ಹೈಡ್ರೊಕಾರ್ಬನ್ ಹತ್ತು ಲಕ್ಷಕ್ಕೆ 1,500 ಭಾಗ ಮೀರಬಾರದು. ಕಿಡಿ ತಪ್ಪಿದ ಸಿಲಿಂಡರಿನಿಂದ ಸುಡದ ಪೆಟ್ರೋಲ್ ಹಾಗೆಯೇ ಹೊರಬರುವುದರಿಂದ, ಸವೆದ ಪಾಯಿಂಟ್ ಅಥವಾ ಬಿರುಕು ಬಿಟ್ಟ ಕ್ಯಾಪ್ ಒಂದೇ ಸಾಕು, ತಪಾಸಣೆಯಲ್ಲಿ ಕಾರು ಅನುತ್ತೀರ್ಣವಾಗಲು.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಹೊರಡಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಚಾಸಿ, ಮೈಕಟ್ಟು, ಎಂಜಿನ್‌ಗಳಲ್ಲಿ ಗಣನೀಯ ಮಾರ್ಪಾಡಿಲ್ಲದೆ ಮೂಲರೂಪದಲ್ಲಿರುವ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಇದು ಅನ್ವಯ. ನಿಯಮದಲ್ಲಿ ಗೊತ್ತುಪಡಿಸಿದ ಹೊಸ ನೋಂದಣಿಯ ಶುಲ್ಕ 20,000 ರೂಪಾಯಿ, ಮರುನೋಂದಣಿಯ ಶುಲ್ಕ 5,000 ರೂಪಾಯಿ. ಮೂಲರೂಪಕ್ಕೆ ಕಾನೂನಿನಲ್ಲಿಯೇ ಮನ್ನಣೆ ದೊರೆತ ಮೇಲೆ ಮೂಲಭಾಗಗಳಿಗೂ ಮನ್ನಣೆ ಹೆಚ್ಚುವುದು ಸಹಜ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದ ಹಳೆಯ ಕಾರುಗಳನ್ನು ಕಂಡವರಿಗೆ ಈ ಆಸ್ಥೆಯ ಅರಿವು ಇದ್ದೇ ಇರುತ್ತದೆ.

ದಾಸ್ತಾನು ಮೌಲ್ಯ ಮತ್ತು ತೆರಿಗೆ

ಲೆಕ್ಕಪತ್ರ ಮಾನಕ 2ರ ಪ್ರಕಾರ ದಾಸ್ತಾನಿನ ಮೌಲ್ಯ, ಅದರ ವೆಚ್ಚ ಮತ್ತು ಮಾರಿದರೆ ಕೈಗೆ ಬರುವ ನಿವ್ವಳ ಮೊತ್ತ, ಇವೆರಡರಲ್ಲಿ ಕಡಿಮೆಯದು. ಈ ಹೋಲಿಕೆಯನ್ನು ಸಾಮಾನ್ಯವಾಗಿ ವಸ್ತುವಾರು ಮಾಡಬೇಕು. 'ಹಳೆಯ ಸಾಮಾನು, ಒಟ್ಟು' ಎಂಬ ಸಾಲು ಇಲ್ಲಿ ನಿಲ್ಲುವುದಿಲ್ಲ.

ಒಂದು ಉದಾಹರಣೆ ಕಲ್ಪಿಸಿಕೊಳ್ಳಬಹುದು. ಒಬ್ಬ ವರ್ತಕನ ಬಳಿ ತಲಾ 200 ರೂಪಾಯಿಗೆ ಕೊಂಡ 50 ಡಿಸ್ಟ್ರಿಬ್ಯೂಟರುಗಳಿವೆ. ಒಟ್ಟು ವೆಚ್ಚ 10,000 ರೂಪಾಯಿ. ಗುಜರಿ ದರ ತಲಾ 40 ರೂಪಾಯಿ. ಗುರುತಿಸದೆ ಎಲ್ಲವನ್ನೂ ಗುಜರಿಯೆಂದು ಬರೆದರೆ ಮೌಲ್ಯ 2,000 ರೂಪಾಯಿ. ಸಂಖ್ಯೆಗಳನ್ನು ಓದಿದಾಗ 30 ಭಾಗಗಳು ತಲಾ 1,500 ರೂಪಾಯಿಗೆ ಮಾರಾಟವಾಗಬಲ್ಲವೆಂದು ತಿಳಿಯಿತು ಎನ್ನೋಣ. ಆಗ ಅವುಗಳ ಮೌಲ್ಯ ವೆಚ್ಚದಂತೆ 6,000 ರೂಪಾಯಿ, ಉಳಿದ 20ರ ಮೌಲ್ಯ 800 ರೂಪಾಯಿ, ಒಟ್ಟು 6,800 ರೂಪಾಯಿ. ಮೊದಲ ವಿಧಾನದಲ್ಲಿ ಆ ವರ್ಷದ ಲಾಭ 4,800 ರೂಪಾಯಿಯಷ್ಟು ಕಡಿಮೆಯಾಗಿ ಕಂಡಿರುತ್ತಿತ್ತು. ಅದೇ ರೀತಿ ಆ 30ನ್ನು ಪೇಟೆಯ ಬೆಲೆಯಾದ 45,000 ರೂಪಾಯಿಗೆ ಬರೆಯಲೂ ಬಾರದು. ಮಾರುವ ತನಕ ಆ ಲಾಭ ಲಾಭವಲ್ಲ. ಆದರೆ ಬ್ಯಾಂಕಿನ ಸಾಲ, ಪಾಲುದಾರಿಕೆಯ ವಿಭಜನೆ, ಅಂಗಡಿಯ ವರ್ಗಾವಣೆಯಂಥ ಸಂದರ್ಭಗಳಲ್ಲಿ ಆ 45,000 ಅರಿವಿನಲ್ಲಿರುವುದು ಒಳಿತು. ಅರಿಯದೆ ಪಾಲು ಬಿಟ್ಟುಕೊಟ್ಟವರಿಗೆ ಅನಂತರ ಪರಿಹಾರ ದೊರೆಯುವುದು ಕಷ್ಟ.

ಜಿಎಸ್‌ಟಿಯಲ್ಲಿ ಮೂರು ಸಂಗತಿಗಳು ಗಮನಾರ್ಹ. ಮೊದಲನೆಯದಾಗಿ, ಹೂಡುವಳಿ ತೆರಿಗೆ ಜಮೆ ಪಡೆದ ಸರಕನ್ನು ನಾಶಪಡಿಸಿದರೆ ಅಥವಾ ಲೆಕ್ಕದಿಂದ ತೆಗೆದುಹಾಕಿದರೆ, ಕಾಯಿದೆಯ 17(5)(ಎಚ್) ಪ್ರಕಾರ ಆ ಜಮೆಯನ್ನು ಹಿಂದಿರುಗಿಸಬೇಕು. ತೆರಿಗೆ ವಿಧಿಸಿ ಗುಜರಿಗೆ ಮಾರಿದರೆ ಅದು ಮಾರಾಟ. ಈ ನಿರ್ಬಂಧ ಬರುವುದಿಲ್ಲ. 2017ರ ಜುಲೈ 1ಕ್ಕಿಂತ ಬಹಳ ಹಿಂದೆ ಕೊಂಡು, ಜಿಎಸ್‌ಟಿಯಲ್ಲಿ ಜಮೆಯನ್ನೇ ಪಡೆಯದ ಸರಕಿಗೆ ಹಿಂದಿರುಗಿಸುವ ಪ್ರಶ್ನೆಯೇ ಇಲ್ಲ. ಆದ್ದರಿಂದ ಖರೀದಿಯ ಕಾಲ ದಾಖಲೆಯಲ್ಲಿರಬೇಕು. ಎರಡನೆಯದಾಗಿ, ಬಳಸಿದ ಭಾಗಗಳ ವ್ಯಾಪಾರಿಯು ಖರೀದಿಯ ಮೇಲೆ ಜಮೆ ಪಡೆಯದಿದ್ದರೆ, ನಿಯಮ 32(5)ರಂತೆ ಮಾರಾಟ ಮತ್ತು ಖರೀದಿ ಬೆಲೆಗಳ ವ್ಯತ್ಯಾಸದ ಮೇಲೆ ಮಾತ್ರ ತೆರಿಗೆ ಕಟ್ಟಬಹುದು. ಪೆಟ್ಟಿಗೆ ತೆರೆಯದ, ಬಳಸದ ಹಳೆಯ ದಾಸ್ತಾನಿಗೆ ಈ ಸೌಲಭ್ಯವಿಲ್ಲ. ಮೂರನೆಯದಾಗಿ, 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಶೇ. 18ರ ಏಕರೂಪದ ದರ ಬಂದಿದೆ.

ದರ ಒಂದೇ ಆದರೂ ಎಚ್‌ಎಸ್‌ಎನ್ ಸಂಕೇತ ಸರಿಯಿರಬೇಕು. ಕಾರಿನ ಭಾಗ ಎಂದ ಮಾತ್ರಕ್ಕೆ 8708 ಆಗದು. ಪ್ಲಗ್, ಕಾಯಿಲ್, ಡಿಸ್ಟ್ರಿಬ್ಯೂಟರುಗಳು 8511ರಲ್ಲಿ, ಗಾಳಿ ಪಂಪು 8414ರಲ್ಲಿ, ಕ್ಯಾಟಲಿಟಿಕ್ ಕನ್ವರ್ಟರ್ 8421ರಲ್ಲಿ ಬರುತ್ತವೆ. ಆಮದು ಮಾಡುವವರು ಇನ್ನೊಂದು ಅಂಶ ನೆನಪಿಡಬೇಕು: ಬಳಸಿದ ಭಾಗಗಳ ಆಮದು ವಿದೇಶ ವ್ಯಾಪಾರ ನೀತಿಯಲ್ಲಿ ನಿರ್ಬಂಧಿತ, ಪರವಾನಗಿ ಬೇಕು. ಹಳೆಯದಾದರೂ ಬಳಸದ ಭಾಗ ಆ ವರ್ಗಕ್ಕೆ ಸೇರುವುದಿಲ್ಲ. ಮೂಲ ಪೆಟ್ಟಿಗೆ, ಚೀಟಿ, ಬಿಲ್ಲುಗಳು ಅದಕ್ಕೆ ಆಧಾರ, ಅವನ್ನು ಎಸೆಯಬಾರದು.

ಸಣ್ಣ ತಯಾರಕರಿಗೆ ಅವಕಾಶ

ಮೂಲಭಾಗಗಳ ದಾಸ್ತಾನು ಎಂದಾದರೊಂದು ದಿನ ಮುಗಿಯುವಂಥದು. ಮರುತಯಾರಿಕೆಗೆ ಅಲ್ಲಿ ಅವಕಾಶವಿದೆ, ಅದರಲ್ಲೂ ಗುಣಮಟ್ಟದ ಮರುತಯಾರಿಕೆಗೆ. ಇತ್ತೀಚಿನ ದಶಕಗಳ ಅಗ್ಗದ ರೋಟರುಗಳಲ್ಲಿ ಹಿತ್ತಾಳೆಯ ಪಟ್ಟಿಯನ್ನು ಹಿಡಿದ ರಿವೆಟ್ ಒಳಗಿನ ಉಕ್ಕಿನ ದಂಡಕ್ಕೆ ತೀರ ಸಮೀಪವಿದ್ದು, ಕಿಡಿ ಪ್ಲಗ್ಗಿಗೆ ಹೋಗುವ ಬದಲು ಪ್ಲಾಸ್ಟಿಕನ್ನು ಭೇದಿಸಿ ದಂಡಕ್ಕೇ ಹಾರಿಬಿಡುತ್ತದೆ. ಬ್ರಿಟಿಷ್ ಹಳೆಯ ಕಾರುಗಳ ಮಾಲೀಕರಿಗೆ ಇದು ಚಿರಪರಿಚಿತ ಗೋಳು. ರಿವೆಟ್ ಇಲ್ಲದೆ, ಉತ್ತಮ ನಿರೋಧಕ ವಸ್ತುವಿನಲ್ಲಿ ಎರಕ ಹೊಯ್ದ ರೋಟರಿಗೆ ಅವರು ಹೆಚ್ಚು ಬೆಲೆ ಕೊಡುತ್ತಾರೆ. ಅಚ್ಚು, ಎರಕ, ಹಿತ್ತಾಳೆ ಕೆಲಸ ಬಲ್ಲ ಸಣ್ಣ ಕಾರ್ಖಾನೆಗಳಿಗೆ ಇದು ಎಟುಕದ ಕೆಲಸವಲ್ಲ.

ಆದರೆ ತಯಾರಿಸಿದ್ದನ್ನು ಸ್ವಂತ ಹೆಸರಿನಲ್ಲಿಯೇ ಮಾರಬೇಕು. ಹಳೆಯ ಕಂಪೆನಿಯ ಲಾಂಛನ ಮುದ್ರಿಸಿದ ಪೆಟ್ಟಿಗೆಯಲ್ಲಿಟ್ಟು ಮೂಲಭಾಗವೆಂದು ಮಾರುವುದು 1999ರ ವ್ಯಾಪಾರ ಚಿಹ್ನೆಗಳ ಕಾಯಿದೆಯಂತೆ ಸೆರೆವಾಸಕ್ಕೂ ಗುರಿಮಾಡಬಲ್ಲ ಅಪರಾಧ. ಅಂಥ ಸರಕನ್ನು ತಿಳಿದೂ ಮಾರುವ ವರ್ತಕನೂ ಹೊಣೆಗಾರ.

ಮುಂದಿನ ದಾಸ್ತಾನು ಎಣಿಕೆಗೆ ಮುನ್ನ

ಕೆಲಸದ ಕ್ರಮ ದೊಡ್ಡದೇನಲ್ಲ. ಪ್ರತಿ ಭಾಗವನ್ನು ಒಣ ಬಟ್ಟೆಯಿಂದ ಒರೆಸಬೇಕು. ಮರಳು ಕಾಗದ ತಾಗಿಸಿದರೆ ಒತ್ತಿದ ಸಂಖ್ಯೆ ಅಳಿಯುತ್ತದೆ. ಮೈಮೇಲಿನ ಅಕ್ಷರ, ಅಂಕಿಗಳನ್ನೆಲ್ಲ ಇದ್ದಂತೆಯೇ ಬರೆದು ಛಾಯಾಚಿತ್ರ ತೆಗೆದಿಡಬೇಕು. ಕಾಯಿಲ್‌ಗಳ ರೋಧ, ಕಂಡೆನ್ಸರುಗಳ ಧಾರಣಶಕ್ತಿ, ನಿರ್ವಾತ ಡಬ್ಬಿಗಳ ಪದರ, ಇವನ್ನು ಪರೀಕ್ಷಿಸಿ ಫಲಿತಾಂಶವನ್ನು ಚೀಟಿಯಲ್ಲಿ ಬರೆದು ಕಟ್ಟಬೇಕು. ಹಳೆಯ ಬೆಲೆಪಟ್ಟಿ ಮತ್ತು ಭಾಗಪಟ್ಟಿಗಳನ್ನು ಸರಕಿನಷ್ಟೇ ಜೋಪಾನವಾಗಿ ಇಡಬೇಕು. ಸಂಖ್ಯೆಯಿಂದ ಕಾರಿನ ಹೆಸರಿಗೆ ದಾರಿ ತೋರಿಸುವವು ಅವೇ. ಕೊನೆಯದಾಗಿ, ಸಂಖ್ಯೆ ಖಚಿತವಾಗದ ಭಾಗವನ್ನು ಖಚಿತವೆಂದು ಮಾರಬಾರದು. ಬಿಲ್ಲಿನಲ್ಲಿಯೇ 'ಅನ್ವಯ ಖಚಿತಪಡಿಸಿಲ್ಲ' ಎಂದು ಬರೆಯುವುದು ಇಬ್ಬರಿಗೂ ಕ್ಷೇಮ.

ಹಿಂದಿನ ಪೀಳಿಗೆಯ ಅಂಗಡಿಗಳಲ್ಲಿ ಡಬ್ಬಿ ತೆರೆಯದೆ, ಪೆಟ್ಟಿಗೆಯ ಬಣ್ಣ ನೋಡಿಯೇ ಇದು ಯಾವ ಕಾರಿಗೆಂದು ಹೇಳಬಲ್ಲ ಹಿರಿಯ ಗುಮಾಸ್ತರಿದ್ದರು. ಅವರಲ್ಲಿ ಅನೇಕರು ನಿವೃತ್ತರಾಗಿದ್ದಾರೆ. ಉಳಿದಿರುವವರನ್ನು ಒಂದೆರಡು ದಿನ ಕೂರಿಸಿಕೊಂಡು, ಅವರು ಹೇಳಿದ್ದನ್ನು ಬರೆದುಕೊಂಡರೆ ಅಟ್ಟದ ಮೇಲಿನ ಅರ್ಧದಷ್ಟು ಪೆಟ್ಟಿಗೆಗಳಿಗೆ ಹೆಸರು ಸಿಗಬಹುದು. ಆ ಕೆಲಸವನ್ನು ಮುಂದಿನ ವರ್ಷಕ್ಕೆ ತಳ್ಳುವುದು ಜಾಣತನವಲ್ಲ.